ಫೋಟೊ ನೋಡಿ ಬರೆದ ಜಂಬೂಸವಾರಿ

ಸಕಲೇಶಪುರ, ಆಲೂರು ಕಡೆಯವರಿಗೆ ಅಂಬಾರಿ ಆನೆ ಎಂದರೆ ಅರ್ಜುನ. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅವನು 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ, ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಸಲಗವೊಂದರ ಜೊತೆ ಕಾದಾಡಿ ಪ್ರಾಣ ಬಿಟ್ಟ. ಅವನ ಫೋಟೊಗಳು ನಮ್ಮ ಊರುಗಳ ಮೊಬೈಲುಗಳಲ್ಲಿ ಇನ್ನೂ ಇವೆ. ಇಂಥ ಫೋಟೊಗಳು ನುರಿತ ಚಿತ್ರಕಾರರ ಕೈಗೆ ಸಿಕ್ಕರೆ ಏನಾಗುತ್ತದೆಂದು ನೋಡಲು ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಹೋಗಬೇಕು.

ಅಲ್ಲಿನ ಗೋಡೆಗಳ ಉದ್ದಕ್ಕೂ 26 ಚಿತ್ರಗಳು. ವಿಷಯ ಒಂದೇ, ದಸರಾ ಮೆರವಣಿಗೆ. 1930ರ ಜಂಬೂಸವಾರಿಯ ಫೋಟೊಗಳನ್ನು ಆಧಾರವಾಗಿಟ್ಟುಕೊಂಡು ಅರಮನೆಯ ಕಲಾವಿದರು 1934ರಿಂದ 1945ರವರೆಗೆ ಇವನ್ನು ಬರೆದರು. ಕೆ. ಕೇಶವಯ್ಯ, ವೈ. ನಾಗರಾಜು, ವೈ. ಸುಬ್ರಹ್ಮಣ್ಯರಾಜು, ಎಸ್.ಎನ್. ಸ್ವಾಮಿ ಆ ತಂಡದಲ್ಲಿದ್ದವರು. ಇವರ ಹೆಸರು ಮೈಸೂರಿನಾಚೆ ಹೆಚ್ಚು ಜನರಿಗೆ ಗೊತ್ತಿಲ್ಲದಿರುವುದು ಬೇಸರದ ಸಂಗತಿ.

‘ಫೋಟೊ ನೋಡಿ ಬರೆದದ್ದು ತಾನೆ’ ಎಂದು ಹಗುರವಾಗಿ ಮಾತಾಡುವವರಿದ್ದಾರೆ. ರವಿವರ್ಮನೂ ಫೋಟೊಗಳ ನೆರವು ಪಡೆದವನೇ. ಸಾಗುತ್ತಿರುವ ಮೆರವಣಿಗೆ ಚಿತ್ರಕಾರನಿಗಾಗಿ ನಿಲ್ಲುವುದಿಲ್ಲ. ಆನೆಯ ಹೆಜ್ಜೆ, ಕುದುರೆ ಸವಾರನ ಭಂಗಿ, ಯಾರ ಪಕ್ಕದಲ್ಲಿ ಯಾರಿದ್ದರು ಎಂಬುದನ್ನೆಲ್ಲ ಹಿಡಿದಿಟ್ಟುಕೊಟ್ಟದ್ದು ಕ್ಯಾಮೆರಾ. ಆದರೆ ಅಂದಿನ ಕಪ್ಪು-ಬಿಳುಪು ಫೋಟೊದಲ್ಲಿ ರುಮಾಲಿನ ಬಣ್ಣವಿಲ್ಲ, ಜರಿಯ ಹೊಳಪಿಲ್ಲ, ಆನೆಯ ಹಣೆಯ ಚಿತ್ತಾರದ ಕೆಂಪು-ಹಳದಿಯಿಲ್ಲ. ಅದೆಲ್ಲ ಬಂದದ್ದು ಅರಮನೆಯ ವೈಭವವನ್ನು ಹತ್ತಿರದಿಂದ ಕಂಡಿದ್ದವರ ಕಣ್ಣಿನಿಂದ. ಬಿಡಿಬಿಡಿ ಫೋಟೊಗಳನ್ನು ಹೊಂದಿಸಿ, ಒಂದು ಗೋಡೆಯಿಂದ ಇನ್ನೊಂದಕ್ಕೆ ಮುರಿಯದೆ ಸಾಗುವ ಮೆರವಣಿಗೆ ಕಟ್ಟಿದ್ದೂ ಅವರೇ. ಅದನ್ನು ನಕಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಸಾಲಿನಲ್ಲಿ ನಡೆಯುವ ಸಿಪಾಯಿಗಳ ಮುಖಗಳನ್ನೇ ನೋಡಿ, ಒಬ್ಬನಂತೆ ಇನ್ನೊಬ್ಬನಿಲ್ಲ.

ಇಂದು ಅಂಬಾರಿಯಲ್ಲಿ ಚಾಮುಂಡೇಶ್ವರಿ ಕೂರುತ್ತಾಳೆ. ಈ ಚಿತ್ರಗಳಲ್ಲಿ ಕೂತಿರುವವರು ನಾಲ್ವಡಿ ಕೃಷ್ಣರಾಜ ಒಡೆಯರ್. 1940ರಲ್ಲಿ ಅವರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ, ಜಯಚಾಮರಾಜ ಒಡೆಯರ್ ಕಾಲದಲ್ಲೂ ಐದು ವರ್ಷ ಮುಂದುವರಿಯಿತು. ಅಷ್ಟು ಹೊತ್ತಿಗೆ ಕಲಾವಿದರ ಮುಂದಿದ್ದದ್ದು ಹತ್ತು ವರ್ಷಕ್ಕೂ ಹಳೆಯ ಫೋಟೊಗಳು.

ಮಂಟಪಕ್ಕೆ ಕಾಲಿಟ್ಟವರೆಲ್ಲ ಗಾಜಿನ ಚಾವಣಿಯ ನವಿಲುಗಳನ್ನು ನೋಡುತ್ತ ಹೊರಟುಬಿಡುತ್ತಾರೆ. ನೀವು ಹೋದಾಗ ಗೋಡೆಗಳಿಗಾಗಿ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ. ಮೆರವಣಿಗೆ ಸಾಗುವ ದಿಕ್ಕಿನಲ್ಲೇ ನಿಧಾನವಾಗಿ ನಡೆಯಿರಿ.