ಕರ್ತವ್ಯದಿಂದ ಮರಳಿದವರ ಮನದ ಗಾಯ: ಗ್ರಾಮ ಪಂಚಾಯತಿಗಳ ಗಮನಕ್ಕೆ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಉಕ್ಕಿ ಹರಿದಾಗ ಜಿಲ್ಲೆಯ ನದಿ ತೀರದ ಗ್ರಾಮಗಳ ಜನರನ್ನು ನೀರಿನಿಂದ ಹೊರತರಲು ಅಗ್ನಿಶಾಮಕ ಸಿಬ್ಬಂದಿ, ಪೊಲೀಸರು ಹಾಗೂ ಸೈನಿಕರು ಶ್ರಮಿಸಿದರು. ಮರುವರ್ಷ ಕೋವಿಡ್ ಹರಡಿದಾಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದರು. ಬಿದ್ದ ಮನೆಗಳ, ಹಾಳಾದ ಬೆಳೆಗಳ ಸಮೀಕ್ಷೆಗೆ ನಮೂನೆಗಳಿವೆ. ಕಂಡದ್ದನ್ನು ಮರೆಯಲಾರದೆ ಮನೆಗೆ ಮರಳಿದವರ ಮನಸ್ಸಿಗೆ ಬಿದ್ದ ಪೆಟ್ಟನ್ನು ಬರೆದುಕೊಳ್ಳಲು ಯಾವ ನಮೂನೆಯೂ ಇಲ್ಲ.

ಯುದ್ಧ, ಅಪಘಾತ, ಸಾಲುಸಾಲು ಸಾವುಗಳನ್ನು ಹತ್ತಿರದಿಂದ ಕಂಡವರಿಗೆ ಕೆಲವು ದಿನ ನಿದ್ರೆ ಬಾರದಿರುವುದು ಸಹಜ. ಬಹುಪಾಲು ಜನರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಮೀರಿದರೂ ಅದೇ ದೃಶ್ಯ ಕನಸಿನಲ್ಲಿಯೂ ಎಚ್ಚರದಲ್ಲಿಯೂ ಮರುಕಳಿಸುತ್ತಿದ್ದರೆ, ಅದನ್ನು ನೆನಪಿಸುವ ಸ್ಥಳ ಮತ್ತು ಮಾತುಗಳಿಂದ ವ್ಯಕ್ತಿಯು ದೂರ ಸರಿಯುತ್ತಿದ್ದರೆ, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರೆ, ಅದು ಆಘಾತೋತ್ತರ ಒತ್ತಡದ ಕಾಯಿಲೆ ಇರಬಹುದು. ಕೆಲವರಲ್ಲಿ ಇದು ಹಲವು ತಿಂಗಳುಗಳ ನಂತರ ತಲೆದೋರುತ್ತದೆ. ಊರಿನಲ್ಲಿ ಇದಕ್ಕೆ ಬೇರೆಯೇ ಹೆಸರುಗಳು. ನಿವೃತ್ತ ಯೋಧನಾದರೆ ಸಿಟ್ಟಿನ ಮನುಷ್ಯ ಅಥವಾ ಕುಡುಕ, ಆರೋಗ್ಯ ಕಾರ್ಯಕರ್ತೆಯಾದರೆ ಮೈಗಳ್ಳಿ. ನಿದ್ರೆಗಾಗಿ ಆರಂಭವಾದ ಕುಡಿತವು ಕಾಯಿಲೆಯನ್ನು ಮರೆಮಾಚಿ ಅದನ್ನೇ ಉಲ್ಬಣಗೊಳಿಸುತ್ತದೆ.

ಇದಕ್ಕೆ ಚಿಕಿತ್ಸೆಯುಂಟು. ತರಬೇತಿ ಪಡೆದ ತಜ್ಞರು ನಡೆಸುವ ಮಾತಿನ ಚಿಕಿತ್ಸೆಯೇ ಮುಖ್ಯವಾದುದು. ಅಗತ್ಯವಿದ್ದಲ್ಲಿ ಔಷಧವನ್ನೂ ಕೊಡುತ್ತಾರೆ. ಅಂಗಡಿಯಿಂದ ತಾವೇ ತಂದ ನಿದ್ರೆ ಮಾತ್ರೆ ಚಿಕಿತ್ಸೆಯಾಗದು. ಘಟನೆ ನಡೆದ ಕೂಡಲೇ "ಏನಾಯಿತು, ಹೇಗಾಯಿತು" ಎಂದು ಕೆದಕಿ ಹೇಳಿಸುವುದು ಹಿತವೆಂದು ಅನೇಕರು ಭಾವಿಸಿದ್ದಾರೆ. ಅದರಿಂದ ನೋವು ಹೆಚ್ಚಬಹುದು. ಅವರಾಗಿ ಹೇಳಿದರೆ ಕೇಳುವುದು, ಊಟ, ವಿಶ್ರಾಂತಿ, ಮನೆಯವರ ಸಂಗವನ್ನು ಒದಗಿಸುವುದು ಮೊದಲ ನೆರವು.

ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತರುವ ಪ್ರಯೋಗವನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ಕೈಗೊಂಡಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಈ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ 'ಮನೋಚೈತನ್ಯ' ಚಿಕಿತ್ಸಾಲಯ ನಡೆಯುತ್ತದೆ. ತಜ್ಞರು ಬರುವ ದಿನವನ್ನು ಮುಂಚಿತವಾಗಿ ವಿಚಾರಿಸುವುದು ಲೇಸು. ಬಾಡಗಂಡಿಯಲ್ಲಿಯೇ ಈಗ ವೈದ್ಯಕೀಯ ಕಾಲೇಜು ಇರುವುದರಿಂದ ಬೀಳಗಿ ಭಾಗದವರಿಗೆ ದಾರಿ ಇನ್ನೂ ಹತ್ತಿರವಾಗಿದೆ. ಆಸ್ಪತ್ರೆಯ ಮೆಟ್ಟಿಲೇರಲು ಹಿಂಜರಿಯುವವರು 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಟೆಲಿ-ಮಾನಸ್ ಸೇವೆಯು ಉಚಿತವಾಗಿದ್ದು, ಹಗಲಿರುಳು ಕನ್ನಡದಲ್ಲಿಯೂ ದೊರೆಯುತ್ತದೆ. ಸೈನಿಕರು ಮತ್ತು ಅವರ ಕುಟುಂಬದವರಿಗಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಿಂದ ಪ್ರತ್ಯೇಕ ಟೆಲಿ-ಮಾನಸ್ ಘಟಕವಿದೆ.

ಬಾಧಿತರು ತಾವಾಗಿ ಮುಂದೆ ಬರುವುದು ಅಪರೂಪ. ಧೈರ್ಯವೇ ವೃತ್ತಿಯಾಗಿದ್ದವರಿಗೆ "ನನಗೆ ಆಗುತ್ತಿಲ್ಲ" ಎನ್ನುವುದು ಸುಲಭವಲ್ಲ. ಹೀಗಾಗಿ ಮೊದಲ ಹೆಜ್ಜೆಯನ್ನು ವಾರ್ಡಿನ ಸದಸ್ಯರೇ ಇಡಬೇಕಾಗುತ್ತದೆ. ಮಾಜಿ ಸೈನಿಕರು ಹಾಗೂ ಆಶಾ ಕಾರ್ಯಕರ್ತೆಯರೊಡನೆ ಇನ್ನೊಂದು ವರ್ಗವನ್ನೂ ನೆನೆಯಬೇಕು: ಕಾಲುವೆ, ಬಾವಿಗಳಿಂದ ಶವಗಳನ್ನು ಮೇಲೆತ್ತಿಕೊಡುವ ಊರಿನ ಈಜುಗಾರರು. ಅವರಿಗೆ ಹುದ್ದೆಯಿಲ್ಲ, ಇಲಾಖೆಯಿಲ್ಲ. ಅವರನ್ನು ವಿಚಾರಿಸಬೇಕಾದುದು ಪಂಚಾಯತಿಯೇ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸಬಹುದು.

ಆದರೆ ಯಾವ ವ್ಯಕ್ತಿಯ ಹೆಸರನ್ನೂ ಸಭೆಯಲ್ಲಿ ಎತ್ತಬಾರದು, ನಡವಳಿಯಲ್ಲಿ ಬರೆಯಲೂಬಾರದು. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 23ನೇ ಪ್ರಕರಣವು ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕೆಂದು ಸಾರಿದೆ. ಸಾಯುವ ಮಾತನಾಡುವವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದವರಿಗೆ ಮೊದಲ ಭೇಟಿಯಂದು ಸದಸ್ಯರೊಬ್ಬರು ಜೊತೆಗೆ ಹೋದರೂ ಸಾಕು. ಹಳೆಯ ಔಷಧ ಚೀಟಿಗಳಿದ್ದರೆ ಅವನ್ನೂ, ಮಾಜಿ ಸೈನಿಕರಾಗಿದ್ದರೆ ಅವರ ಆರೋಗ್ಯ ಯೋಜನೆಯ ಕಾರ್ಡನ್ನೂ ತೆಗೆದುಕೊಂಡು ಹೋಗುವುದು.