ಮನೆಗೆ ಮರಳುವ ಡ್ರೋನಿಗೆ ತೆಂಗಿನ ಮರ ಕಾಣುವುದೇ?

ಮಕ್ಕಳೇ, ಊರಿನ ಮದುವೆಯಲ್ಲೋ ಕ್ರೀಡಾಕೂಟದಲ್ಲೋ ಜೇನುನೊಣಗಳ ಹಿಂಡಿನಂತೆ ಗುಂಯ್‌ಗುಟ್ಟುತ್ತಾ ಹಾರುವ ಕ್ಯಾಮೆರಾ ಡ್ರೋನನ್ನು ನೀವು ನೋಡಿರಬಹುದು. ಆಗ ಅದನ್ನು ಹಾರಿಸುವವರ ಕೈಗಳನ್ನು ಗಮನಿಸಿದ್ದೀರಾ? ಎಷ್ಟೋ ಸಲ ಅವರು ರಿಮೋಟಿನ ಕಡ್ಡಿಗಳನ್ನು ಮುಟ್ಟಿರುವುದೇ ಇಲ್ಲ. ಆದರೂ ಡ್ರೋನ್ ಗಾಳಿಯಲ್ಲಿ ನಿಂತಲ್ಲೇ ನಿಂತಿರುತ್ತದೆ. ಫೋನಿನ ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ಮೈದಾನದ ಸುತ್ತ ಒಂದು ಸುತ್ತು ಹಾಕುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಹೊರಟ ಜಾಗಕ್ಕೇ ಬಂದು ಇಳಿಯುತ್ತದೆ. ಹಾಗಾದರೆ ಡ್ರೋನಿಗೆ ಸ್ವಂತ ಬುದ್ಧಿ ಇದೆಯೇ? ಬನ್ನಿ, ತಿಳಿಯೋಣ.

ನಿಂತಲ್ಲೇ ನಿಲ್ಲುವುದು ಹೇಗೆ?

ಸಾಮಾನ್ಯ ಕ್ಯಾಮೆರಾ ಡ್ರೋನಿಗೆ ನಾಲ್ಕು ಪ್ರೊಪೆಲ್ಲರ್‌ಗಳಿರುತ್ತವೆ. ಎರಡು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿದರೆ, ಉಳಿದೆರಡು ಅದರ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ನಾಲ್ಕೂ ಒಂದೇ ದಿಕ್ಕಿಗೆ ತಿರುಗಿದ್ದರೆ ಡ್ರೋನಿನ ಮೈಯೇ ಬುಗುರಿಯಂತೆ ತಿರುಗಿಬಿಡುತ್ತಿತ್ತು!

ಗಾಳಿ ಬೀಸಿದಾಗ ಡ್ರೋನ್ ವಾಲುತ್ತದೆ, ಸರಿಯುತ್ತದೆ. ಇದನ್ನು ತಿಳಿಸಲು ಅದರೊಳಗೆ ಸಂವೇದಕಗಳಿವೆ. ಎಷ್ಟು ವಾಲಿದೆ ಎಂದು ಗೈರೋಸ್ಕೋಪ್ ಮತ್ತು ವೇಗೋತ್ಕರ್ಷ ಮಾಪಕಗಳು ಹೇಳುತ್ತವೆ. ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲವೇ? ಅಲ್ಲೂ ಇಂಥದೇ ಸಂವೇದಕ ಇದೆ. ಎತ್ತರ ತಿಳಿಸುವುದು ವಾಯುಭಾರ ಮಾಪಕ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ನೆಲದ ಹತ್ತಿರ 8 ಮೀಟರ್ ಏರಿದರೆ ಒತ್ತಡ ಸುಮಾರು ಸಾವಿರದಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಅಷ್ಟನ್ನೂ ಈ ಪುಟ್ಟ ಮಾಪಕ ಗುರುತಿಸಬಲ್ಲದು. ದಿಕ್ಕು ತಿಳಿಸಲು ದಿಕ್ಸೂಚಿ ಇದೆ. ಭೂಮಿಯ ಮೇಲೆ ತಾನು ಎಲ್ಲಿದ್ದೇನೆ ಎಂದು ತಿಳಿಯಲು ಜಿಪಿಎಸ್ ಇದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಡ್ರೋನ್ ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ.

ಈ ಎಲ್ಲ ಮಾಹಿತಿಯನ್ನು ಒಳಗಿನ ಕಂಪ್ಯೂಟರ್ ಸೆಕೆಂಡಿಗೆ ನೂರಾರು ಸಲ ಓದಿ, ಒಂದೊಂದು ಮೋಟಾರಿನ ವೇಗವನ್ನೂ ತಿದ್ದುತ್ತಿರುತ್ತದೆ. ನೀವು ಸೈಕಲ್ ತುಳಿಯುವಾಗ ಬೀಳದಂತೆ ಮೈಯನ್ನು ಆಚೀಚೆ ಸರಿಪಡಿಸಿಕೊಳ್ಳುವ ಹಾಗೆ!

ಆ್ಯಪ್ ಮಾಡುವ ಕೆಲಸ

2010ರಲ್ಲಿ ಫ್ರಾನ್ಸಿನ ಪ್ಯಾರಟ್ ಕಂಪನಿ ಎಆರ್ ಡ್ರೋನ್ ಎಂಬುದನ್ನು ತಂದಿತು. ಫೋನಿನ ಆ್ಯಪ್‌ನಿಂದಲೇ ಅದನ್ನು ಹಾರಿಸಬಹುದಿತ್ತು. 2016ರಲ್ಲಿ ಚೀನಾದ ಡಿಜೆಐ ಕಂಪನಿಯ ಫ್ಯಾಂಟಮ್ 4 ಡ್ರೋನ್ ಬಂತು. ಇದು ಎದುರಿಗಿರುವ ಅಡೆತಡೆಗಳನ್ನು ಗುರುತಿಸಬಲ್ಲದಾಗಿತ್ತು. ಇಂದಿನ ಆ್ಯಪ್‌ಗಳಲ್ಲಿ ಹಲವು ಸ್ವಯಂಚಾಲಿತ ವಿಧಾನಗಳಿವೆ. ಇವುಗಳನ್ನು ಮೋಡ್ ಎನ್ನುತ್ತಾರೆ.

ಸುತ್ತು ಹಾಕುವ ಮೋಡನ್ನೇ ನೋಡಿ. ಅದಕ್ಕೆ ವೃತ್ತದ ಕೇಂದ್ರ, ತ್ರಿಜ್ಯ, ಎತ್ತರ ಮತ್ತು ವೇಗವನ್ನು ತಿಳಿಸಬೇಕು. ತ್ರಿಜ್ಯ 35 ಮೀಟರ್ ಎಂದಿಟ್ಟುಕೊಳ್ಳೋಣ. ಪರಿಧಿ 2 × 22/7 × 35 = 220 ಮೀಟರ್. ವೇಗ ಸೆಕೆಂಡಿಗೆ 4 ಮೀಟರ್ ಆದರೆ ಒಂದು ಸುತ್ತಿಗೆ 55 ಸೆಕೆಂಡು ಬೇಕು. ಗಣಿತದ ಪುಸ್ತಕದ ವೃತ್ತವೇ ಆಕಾಶದಲ್ಲಿ ಹಾರುತ್ತಿದೆ, ಅಲ್ಲವೇ?

ಇನ್ನೊಂದು ಮೋಡಿನಲ್ಲಿ ನಕ್ಷೆಯ ಮೇಲೆ ಗುರುತಿಸಿದ ಬಿಂದುಗಳ ಮೂಲಕ ಡ್ರೋನ್ ಹಾದುಹೋಗುತ್ತದೆ. ನಮ್ಮ ಹಳ್ಳಿಗಳ ಅಳತೆಯಲ್ಲಿ ಬಳಕೆಯಾದದ್ದು ಇಂಥ ವಿಧಾನವೇ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಸರ್ವೆ ಆಫ್ ಇಂಡಿಯಾ ಸಂಸ್ಥೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹಳ್ಳಿಗಳ ಮೇಲೆ ಡ್ರೋನ್ ಹಾರಿಸಿತು. ಹೊಲ ಉಳುವ ಎತ್ತಿನಂತೆ ಡ್ರೋನ್ ಸಾಲು ಹಿಡಿದು ಹೋಗಿ, ತಿರುಗಿ, ಪಕ್ಕದ ಸಾಲಿನಲ್ಲಿ ಬರುತ್ತದೆ. ದಾರಿಯುದ್ದಕ್ಕೂ ಚಿತ್ರ ತೆಗೆಯುತ್ತದೆ. ಒಂದು ಚಿತ್ರದ ಹೆಚ್ಚಿನ ಭಾಗ ಮುಂದಿನ ಚಿತ್ರದಲ್ಲೂ ಇರಬೇಕು. ಒಂದೇ ಜಾಗವನ್ನು ಬೇರೆ ಬೇರೆ ಕಡೆಯಿಂದ ನೋಡಿದಾಗ ಮಾತ್ರ, ನಮ್ಮ ಎರಡು ಕಣ್ಣುಗಳಂತೆ, ಎತ್ತರ ತಗ್ಗು ತಿಳಿಯುತ್ತದೆ. ಆಮೇಲೆ ಕಂಪ್ಯೂಟರ್ ಚಿತ್ರಗಳನ್ನು ಜೋಡಿಸಿ ನಕ್ಷೆ ಮಾಡುತ್ತದೆ.

ಆದರೆ ಯಾವ ಹಿತ್ತಲು ಯಾರದು ಎಂದು ಡ್ರೋನಿಗೆ ಹೇಗೆ ಗೊತ್ತಾಗಬೇಕು? ಅದಕ್ಕಾಗಿ ಹಾರಾಟಕ್ಕೆ ಮುಂಚೆಯೇ ಊರಿನವರ ಎದುರು ನೆಲದ ಮೇಲೆ ಸುಣ್ಣದ ಪುಡಿಯಿಂದ ಗಡಿಯ ಗೆರೆ ಎಳೆಯುತ್ತಾರೆ. ಡ್ರೋನ್ ಆ ಗೆರೆಯನ್ನು ಚಿತ್ರ ತೆಗೆಯುತ್ತದೆ, ಅಷ್ಟೇ. ಗೆರೆ ತಪ್ಪಾಗಿದ್ದರೆ ಚಿತ್ರದಲ್ಲಿ ಬರುವುದೂ ತಪ್ಪು ಗೆರೆಯೇ!

'ಮನೆಗೆ ಮರಳು' ಎಂದರೆ ಸಾಕೇ?

ರಿಟರ್ನ್ ಟು ಹೋಮ್ ಎಂಬ ಮೋಡ್ ಬಹಳ ಉಪಯುಕ್ತ. ರಿಮೋಟಿನ ಸಂಪರ್ಕ ಕಡಿದುಹೋದರೆ ಅಥವಾ ಬ್ಯಾಟರಿ ಮುಗಿಯುತ್ತಾ ಬಂದರೆ ಡ್ರೋನ್ ತಾನಾಗಿಯೇ ಮರಳುತ್ತದೆ. ಸಾಮಾನ್ಯವಾಗಿ ಅದು ಮೊದಲು ನಾವು ಆ್ಯಪ್‌ನಲ್ಲಿ ನಿಗದಿ ಮಾಡಿದ ಎತ್ತರಕ್ಕೆ ಏರುತ್ತದೆ. ಬಳಿಕ ನೇರವಾಗಿ ಹೊರಟ ಜಾಗದ ಮೇಲೆ ಬಂದು ಇಳಿಯುತ್ತದೆ.

ಈಗ ಒಂದು ಲೆಕ್ಕ. ಬಯಲಿನಿಂದ ಹೊರಟ ಡ್ರೋನ್ ದಿಬ್ಬದ ಆಚೆಗೆ ಹೋಗಿದೆ. ದಿಬ್ಬದ ಎತ್ತರ 18 ಮೀಟರ್. ದಿಬ್ಬದ ನೆತ್ತಿಯಲ್ಲಿರುವ ತೆಂಗಿನ ಮರ 20 ಮೀಟರ್. "ಮರ 20 ಮೀಟರ್ ತಾನೆ, 30 ಸಾಕು" ಎಂದು ಮರಳುವ ಎತ್ತರವನ್ನು 30 ಮೀಟರಿಗೆ ಇಟ್ಟಿದ್ದಾರೆ. ಏನಾಗುತ್ತದೆ? ಈ ಎತ್ತರವನ್ನು ಡ್ರೋನ್ ಅಳೆಯುವುದು ತಾನು ಹೊರಟ ಜಾಗದಿಂದ, ತನ್ನ ಕೆಳಗಿರುವ ನೆಲದಿಂದ ಅಲ್ಲ. ಅಲ್ಲಿಂದ ಮರದ ತುದಿ 18 + 20 = 38 ಮೀಟರ್ ಎತ್ತರದಲ್ಲಿದೆ. ಡ್ರೋನ್ ನೇರವಾಗಿ ಮರಕ್ಕೆ ಹೊಡೆಯಬಹುದು! 50 ಮೀಟರಿಗೆ ಇಟ್ಟಿದ್ದರೆ ಮರದ ಮೇಲಿಂದ ಹಾದು ಬರುತ್ತಿತ್ತು.

ಅಡೆತಡೆ ಗುರುತಿಸುವ ಸಂವೇದಕಗಳಿಲ್ಲವೇ ಎಂದು ನೀವು ಕೇಳಬಹುದು. ಎಲ್ಲ ಡ್ರೋನ್‌ಗಳಲ್ಲೂ ಇರುವುದಿಲ್ಲ. ಇದ್ದರೂ ತೆಳುವಾದ ವಿದ್ಯುತ್ ತಂತಿ ಮತ್ತು ಒಣ ರೆಂಬೆಗಳು ಅವಕ್ಕೆ ಸುಲಭವಾಗಿ ಕಾಣುವುದಿಲ್ಲ. ಮಬ್ಬು ಬೆಳಕಿನಲ್ಲಿ ಇನ್ನೂ ಕಷ್ಟ.

ಹರಿಗೋಲಿನಿಂದ ಡ್ರೋನ್ ಹಾರಿಸಿದರೆ? ಹರಿಗೋಲು ನೀರಿನೊಡನೆ ಮುಂದೆ ಸಾಗಿರುತ್ತದೆ. ಡ್ರೋನಿನ ನೆನಪಿನಲ್ಲಿರುವುದು ಹೊರಟ ಸ್ಥಾನ ಮಾತ್ರ. ಅದು ಅಲ್ಲಿಗೇ ಬಂದು ನೇರವಾಗಿ ನದಿಗೆ ಇಳಿಯಬಹುದು!

ಎದುರುಗಾಳಿಯ ಲೆಕ್ಕವೂ ಇದೆ. 600 ಮೀಟರ್ ದೂರದಿಂದ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮರಳಲು 60 ಸೆಕೆಂಡು ಸಾಕು. ಸೆಕೆಂಡಿಗೆ 6 ಮೀಟರ್ ವೇಗದ ಎದುರುಗಾಳಿ ಇದ್ದರೆ ಉಳಿಯುವ ವೇಗ 4 ಮೀಟರ್. ಆಗ 150 ಸೆಕೆಂಡು ಬೇಕು. ಅಷ್ಟು ಬ್ಯಾಟರಿ ಉಳಿದಿದೆಯೇ ಎಂದು ಹಾರಿಸುವವರೇ ಮೊದಲು ಯೋಚಿಸಬೇಕು.

ಹೊಣೆ ಯಾರದು?

ಸ್ವಯಂಚಾಲಿತ ಎಂದರೆ ತಾನಾಗಿ ಯೋಚಿಸುವುದು ಎಂದಲ್ಲ. ಕೊಟ್ಟ ಆಜ್ಞೆಯನ್ನು, ತನಗೆ ತಿಳಿದಷ್ಟು ಮಾಹಿತಿಯಿಂದ, ಪಾಲಿಸುವುದು ಎಂದರ್ಥ. ತಿರುಗುವ ಪ್ರೊಪೆಲ್ಲರ್ ಬೆರಳನ್ನು ಕತ್ತರಿಸಬಲ್ಲದು. ಎತ್ತರದಿಂದ ಬಿದ್ದ ಡ್ರೋನ್ ತಲೆ ಒಡೆಯಬಲ್ಲದು. ಆದ್ದರಿಂದ ಜನರ ತಲೆಯ ಮೇಲೆ ಹಾರಿಸಬಾರದು. ಡ್ರೋನ್ ಸದಾ ಕಣ್ಣಿಗೆ ಕಾಣುತ್ತಿರಬೇಕು. ಯಾವ ಕ್ಷಣದಲ್ಲಾದರೂ ಮೋಡನ್ನು ನಿಲ್ಲಿಸಿ ಕೈಯಿಂದ ಹಾರಿಸಲು ಸಿದ್ಧವಿರಬೇಕು. ಭಾರತದ 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ ಮತ್ತು ಕೆಂಪು ವಲಯಗಳಾಗಿ ವಿಂಗಡಿಸಿವೆ. ಹಳದಿ ಮತ್ತು ಕೆಂಪು ವಲಯಗಳಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಈ ನಿಯಮಗಳ ಪ್ರಕಾರ ಪೈಲಟ್ ಪ್ರಮಾಣಪತ್ರ ಪಡೆಯಲು 18 ವರ್ಷ ತುಂಬಿರಬೇಕು.

ಮಾಡಿ ನೋಡಿ

1. ಶಾಲೆಯ ವಿಜ್ಞಾನ ಪೆಟ್ಟಿಗೆಯಲ್ಲಿರುವ ದಿಕ್ಸೂಚಿಯ ಬಳಿ ಕಬ್ಬಿಣದ ದೊಡ್ಡ ಮೊಳೆಯನ್ನು ತನ್ನಿ. ಮುಳ್ಳು ಏನಾಗುತ್ತದೆ? ಕಬ್ಬಿಣದ ಸರಳುಗಳಿರುವ ತಾರಸಿಯ ಮೇಲಿಂದ ಡ್ರೋನ್ ಹಾರಿಸುವುದು ಏಕೆ ಒಳ್ಳೆಯದಲ್ಲ ಎಂದು ಯೋಚಿಸಿ.

2. ಗೆಳೆಯರೊಡನೆ 'ಡ್ರೋನ್ ಆಟ' ಆಡಿ. "ಉತ್ತರಕ್ಕೆ 10 ಹೆಜ್ಜೆ, ಬಲಕ್ಕೆ ತಿರುಗು, 6 ಹೆಜ್ಜೆ" ಎಂದು ಮೊದಲೇ ಚೀಟಿಯಲ್ಲಿ ಬರೆಯಿರಿ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಚೀಟಿಯಲ್ಲಿದ್ದಂತೆಯೇ ನಡೆಯಲು ಹೇಳಿ. ದಾರಿಯಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಇಡಿ. ಶಿಕ್ಷಕರು ಜೊತೆಯಲ್ಲಿರಲಿ. ಪೆಟ್ಟಿಗೆಗೆ ಡಿಕ್ಕಿಯಾದರೆ ತಪ್ಪು ಯಾರದು, ನಡೆದವರದೋ ಚೀಟಿ ಬರೆದವರದೋ? ತರಗತಿಯಲ್ಲಿ ಚರ್ಚಿಸಿ.

3. ನಿಮ್ಮ ಶಾಲೆಯ ಸುತ್ತ 100 ಮೀಟರ್ ಒಳಗೆ ಇರುವ ಅತಿ ಎತ್ತರದ ವಸ್ತು ಯಾವುದು? ಅಲ್ಲಿ ವಿದ್ಯುತ್ ತಂತಿಗಳು ಎಲ್ಲೆಲ್ಲಿ ಹಾದುಹೋಗಿವೆ? ನಕ್ಷೆ ಬರೆದು, ಮರಳುವ ಎತ್ತರ ಎಷ್ಟಿರಬೇಕೆಂದು ನೀವೇ ನಿರ್ಧರಿಸಿ.