ಮನೆಮಾತು ಬಿಡಿಸಿ ಶಾಲೆಗೆ ಕಳಿಸಬೇಕಾ?

ಮಗುವಿಗೆ ಮೂರು ವರ್ಷ ತುಂಬುವುದೇ ತಡ, ನಮ್ಮ ಬ್ಯಾರಿ ಮನೆಗಳಲ್ಲಿ ಒಂದು ಹೊಸ ಕಾನೂನು ಜಾರಿಗೆ ಬರುತ್ತದೆ. 'ಇನ್ನು ಮಗುವಿನ ಹತ್ತಿರ ಬ್ಯಾರಿ ಮಾತಾಡಬೇಡಿ, ಎಲ್‌ಕೆಜಿಯಲ್ಲಿ ಕಷ್ಟ ಆಗ್ತದೆ.' ಅಲ್ಲಿಂದ ಉಮ್ಮನ ಬಾಯಲ್ಲಿ 'ಕಮ್, ಸಿಟ್, ಈಟ್' ಶುರು. ಅಜ್ಜಿಗೆ ಅದೂ ಬರುವುದಿಲ್ಲ, ಆಕೆ ಸುಮ್ಮನಾಗುತ್ತಾರೆ. ಮನೆಯಲ್ಲಿ ಮಗುವಿನ ಜೊತೆ ಕೂತು ಮಾತಾಡ್ಲಿಕ್ಕೆ ಪುರುಸೊತ್ತು ಇದ್ದದ್ದು ಅವರಿಗೆ ಮಾತ್ರ. ಅವರೇ ಬಾಯಿ ಮುಚ್ಚಿದರೆ ಮಗು ಮಾತು ಕಲಿಯುವುದು ಯಾರಿಂದ?

ನಮ್ಮ ಮನೆಯ ವಿಷಯ ನಮಗೆ ಅಷ್ಟು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಸ್ವಲ್ಪ ಘಟ್ಟ ಹತ್ತಿ, ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನೋಡುವ. ಅಲ್ಲಿನ ಮುಸ್ಲಿಂ ಮನೆಗಳಲ್ಲಿ ಹೆಚ್ಚಾಗಿ ಕೇಳುವುದು ದಖನಿ. ಅದು ಪುಸ್ತಕದ ಉರ್ದು ಅಲ್ಲ. 'ಬೇಡ' ಅನ್ನಲಿಕ್ಕೆ 'ನಕ್ಕೋ', 'ಯಾಕೆ' ಅನ್ನಲಿಕ್ಕೆ 'ಕಾಯ್ಕು' ಎನ್ನುವ, ಕನ್ನಡ-ಮರಾಠಿಯ ಮಗ್ಗುಲಲ್ಲೇ ಬೆಳೆದ ಮಾತು. ಹೊಸ್ತಿಲು ದಾಟಿದರೆ ಓಣಿಯಲ್ಲಿ 'ಏನ್ ಮಾಡಾಕತ್ತಿ' ಎನ್ನುವ ಕನ್ನಡ. ಅಂಗನವಾಡಿಯ ಗೋಡೆಯ ಚಾರ್ಟಿನಲ್ಲಿ ಪುಸ್ತಕದ ಕನ್ನಡ. ಆರು ವರ್ಷ ಆದಾಗ ಕೆಲವರು ಸರ್ಕಾರಿ ಉರ್ದು ಶಾಲೆಗೆ, ಕೆಲವರು ಕನ್ನಡ ಶಾಲೆಗೆ, ಫೀಸು ಕಟ್ಟಲು ಆಗುವವರು ಇಂಗ್ಲಿಷ್ ಮೀಡಿಯಂಗೆ. ಮಧ್ಯೆ ಮದ್ರಸದಲ್ಲಿ ಅರಬಿ ಅಕ್ಷರ. ಇದು ನಮಗೆ ಹೊಸತಲ್ಲ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಮಲಯಾಳಂ ಎಂದು ನಾಲ್ಕು ಕಡೆ ಕಾಲಿಟ್ಟೇ ನಮ್ಮ ಹಿಂದಿನ ತಲೆಮಾರು ಬೆಳೆದದ್ದು.

ಒಂದು ವ್ಯತ್ಯಾಸ ಉಂಟು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಉರ್ದು ಮನೆಮಾತಿನವರು ಶೇ. 10.83. ಅವರಿಗೆ ಉರ್ದು ಶಾಲೆಯಾದರೂ ಇದೆ. ಬ್ಯಾರಿಗೆ 2007ರಲ್ಲಿ ಅಕಾಡೆಮಿ ಬಂತು, 2020ರಲ್ಲಿ ಲಿಪಿಯೂ ಬಂತು, ಆದರೆ ಬ್ಯಾರಿ ಮೀಡಿಯಂ ಶಾಲೆ ಎಲ್ಲಿಯೂ ಇಲ್ಲ. ಅಂದರೆ ಈ ಭಾಷೆಗೆ ಇರುವ ಒಂದೇ ಶಾಲೆ ನಮ್ಮ ಅಡುಗೆಮನೆ. ಅದನ್ನೂ ಮೂರನೇ ವರ್ಷಕ್ಕೆ ಮುಚ್ಚಿಬಿಟ್ಟರೆ?

ಮಗುವಿನ ಕಿವಿ ನಾವು ಎಣಿಸಿದ್ದಕ್ಕಿಂತ ಬೇಗ ಕೆಲಸ ಶುರು ಮಾಡುತ್ತದೆ. ಕೆನಡಾದ ಜಾನೆಟ್ ವರ್ಕರ್ 1984ರಲ್ಲಿ ಪ್ರಕಟಿಸಿದ ಸಂಶೋಧನೆ ಒಂದುಂಟು. ನಮ್ಮ 'ತ' ಮತ್ತು 'ಟ' ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಒಂದೇ ಥರ ಕೇಳುತ್ತದೆ. ಆದರೆ ಅದೇ ಮನೆಗಳ ಆರೇಳು ತಿಂಗಳ ಕೂಸುಗಳು ಹಿಂದಿಯ ಈ ಎರಡು ಸದ್ದುಗಳನ್ನು ಬೇರೆಬೇರೆಯಾಗಿ ಗುರುತಿಸಿದವು. ಒಂದು ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಕುಂದಿತ್ತು. ಕೇಳದ ಸದ್ದನ್ನು ಕಿವಿ ಕೈಬಿಡುತ್ತದೆ.

ಹಾಗಾದರೆ ಮೊಬೈಲಿನಲ್ಲಿ ಇಂಗ್ಲಿಷ್ ರೈಮ್ಸ್ ಹಾಕಿಟ್ಟರೆ ಆಯ್ತಲ್ಲ ಅನ್ನಬಹುದು. ಆಗುವುದಿಲ್ಲ. ಅಮೆರಿಕದ ಪ್ಯಾಟ್ರೀಷಿಯಾ ಕುಲ್ ಅವರ ತಂಡ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿ ನೋಡಿತು. ಕೆಲವಕ್ಕೆ ಎದುರು ಕೂತು ಆಡಿಸುತ್ತಾ, ಕೆಲವಕ್ಕೆ ಟಿವಿಯಲ್ಲಿ. 2003ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎದುರು ಕೂತವರಿಂದ ಕೂಸುಗಳು ಕಲಿತಿದ್ದವು, ಟಿವಿಯಿಂದ ಏನೂ ಕಲಿತಿರಲಿಲ್ಲ. 2018ರಲ್ಲಿ ರೇಚಲ್ ರೋಮಿಯೊ ಮತ್ತು ಸಂಗಡಿಗರು ನಾಲ್ಕರಿಂದ ಆರು ವರ್ಷದ ಮಕ್ಕಳನ್ನು ನೋಡಿದಾಗಲೂ ಇದೇ ದಾರಿ ಕಂಡಿತು. ಮಗು ಎಷ್ಟು ಶಬ್ದ ಕೇಳಿತು ಎನ್ನುವುದಕ್ಕಿಂತ ದೊಡ್ಡವರ ಜೊತೆ ಎಷ್ಟು ಸಲ ಮಾತು ಕೊಟ್ಟು ತೆಗೆದುಕೊಂಡಿತು ಎನ್ನುವುದೇ ಅದರ ಭಾಷಾಶಕ್ತಿಯ ಜೊತೆ ಹೆಚ್ಚು ಬೆಸೆದುಕೊಂಡಿತ್ತು. ಬರದ ಇಂಗ್ಲಿಷಿನಲ್ಲಿ ಹತ್ತು ಶಬ್ದದ ಆಜ್ಞೆ ಕೊಡಬಹುದು. 'ಮೊನ್ನೆ ಬೆಕ್ಕು ಯಾಕೆ ಓಡಿಹೋಯ್ತು?' ಅಂತ ಕೇಳಿ, ಮಗು ಹೇಳುವ ಸುಳ್ಳುಕಥೆಗೆ ಇನ್ನೊಂದು ಪ್ರಶ್ನೆ ಹಾಕ್ಲಿಕ್ಕೆ ಮನೆಮಾತೇ ಬೇಕು. 'ಮೊನ್ನೆ', 'ಯಾಕೆಂದರೆ', 'ಹಾಗಲ್ಲದಿದ್ದರೆ' ಇವೆಲ್ಲ ಒಂದು ಭಾಷೆಯಲ್ಲಿ ತಲೆಗೆ ಹತ್ತಿದರೆ ಇನ್ನೊಂದರಲ್ಲಿ ಬರೀ ಹೆಸರು ಕಲಿತರೆ ಸಾಕು. ಮೊದಲಿನದೇ ಗಟ್ಟಿ ಇಲ್ಲದಿದ್ದರೆ ಎರಡನೆಯದಕ್ಕೆ ಹೊಂದಿಸಲು ಏನೂ ಇರುವುದಿಲ್ಲ.

ಇನ್ನು ಸವದತ್ತಿಯಲ್ಲೋ ರಾಮದುರ್ಗದಲ್ಲೋ ದಖನಿ ಮನೆಯ ಮಗು ಅಂಗನವಾಡಿಗೆ ಬಂದಾಗ ಏನಾಗುತ್ತದೆ ನೋಡಿ. ಮೊದಲ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಅದು ಮಾತೇ ಆಡದಿರಬಹುದು. ಹೊಸ ಭಾಷೆಯ ನಡುವೆ ಬಿದ್ದ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಅದನ್ನು 'ದಡ್ಡ' ಅನ್ನುವುದು ದೊಡ್ಡವರ ಅವಸರ. ಆಮೇಲೆ ಬಾಯಿ ಬಿಟ್ಟಾಗ ದಖನಿಯಲ್ಲಿ ಇಲ್ಲದ 'ಳ' ತೊಡಕಾಗುತ್ತದೆ, 'ಕಾಳು' ಹೋಗಿ 'ಕಾಲು' ಆಗುತ್ತದೆ. ದಖನಿಯಲ್ಲಿ ಘರ್ ಗಂಡು, ರೋಟಿ ಹೆಣ್ಣು, ನಪುಂಸಕಲಿಂಗ ಎಂಬುದೇ ಇಲ್ಲ. ಹಾಗಾಗಿ ಕನ್ನಡದ ಬಂದ, ಬಂದಳು, ಬಂತು ಎಲ್ಲ ಕಲಸಿಹೋಗುತ್ತದೆ. ಇದು ತಪ್ಪಿಗಿಂತ ಹೆಚ್ಚಾಗಿ ಒಂದು ಲೆಕ್ಕ. ತನಗೆ ಗೊತ್ತಿರುವ ವ್ಯಾಕರಣದಿಂದ ಹೊಸ ಭಾಷೆಯನ್ನು ಅಳೆಯುವ ಬುದ್ಧಿವಂತಿಕೆ. ಬಾಯ್ತುಂಬ 'ಘರ್', 'ಖಾನಾ' ಅನ್ನುವ ಈ ಮಗುವಿಗೆ ಮಹಾಪ್ರಾಣ ಮನೆಯಿಂದಲೇ ಬಂದಿರುತ್ತದೆ. ಕನ್ನಡ ಮನೆಯ ಎಷ್ಟೋ ಮಕ್ಕಳು ಅದಕ್ಕೆ ತಿಣುಕಾಡುತ್ತವೆ. ಆದರೆ ನಮ್ಮ ಸಿನಿಮಾಗಳು 'ಸಾಬರ ಕನ್ನಡ'ವನ್ನು ನಗೆಸರಕು ಮಾಡಿಟ್ಟಿವೆ, ಬ್ಯಾರಿಗಳ ಕನ್ನಡವನ್ನೂ ಅಣಕಿಸುವವರು ಕಡಿಮೆ ಇಲ್ಲ. ನಾಲ್ಕು ವರ್ಷದ ಮಗುವಿಗೆ ಆ ನಗು ಅರ್ಥ ಆಗ್ತದೆ. ಒಮ್ಮೆ ನಕ್ಕರೆ ಅದು ವಾರಗಟ್ಟಲೆ ಬಾಯಿ ಬಿಡುವುದಿಲ್ಲ.

ಅಂಗನವಾಡಿ ಹುಟ್ಟಿದ್ದೇ ಇದನ್ನು ತಪ್ಪಿಸಲು ಅನ್ನಬಹುದು. ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಿನಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಆದಿವಾಸಿ ಮಕ್ಕಳ ಅಂಗಳಕ್ಕೇ ಬಾಲವಾಡಿಯನ್ನು ಒಯ್ದರು. ದುಬಾರಿ ಆಟಿಕೆ ಬಿಟ್ಟು ಕಲ್ಲು, ಬೀಜ, ಎಲೆ ಹಿಡಿದರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಇವತ್ತು ಆ ಅಂಗನವಾಡಿಯ ಕಾರ್ಯಕರ್ತೆಯ ದಿನ ತೂಕ, ಮೊಟ್ಟೆ, ಸರ್ವೆ, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲೇ ಮುಗಿದುಹೋಗುತ್ತದೆ, ಕಥೆ ಹೇಳಲು ಸಮಯ ಎಲ್ಲಿಂದ? ಹಾಗಿದ್ದೂ, ಒಳ್ಳೆಯ ಅಂಗನವಾಡಿ ಕೆಟ್ಟ ಎಲ್‌ಕೆಜಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಹತ್ತಿ ಬೆಳೆಯುವ ಬೈಲಹೊಂಗಲದ ಮಗುವಿಗೆ, ಮಗ್ಗದ ಸದ್ದು ಕೇಳುವ ರಾಮದುರ್ಗದ ಮಗುವಿಗೆ, ಕೋಟೆ ಕಾಣುವ ಕಿತ್ತೂರಿನ ಮಗುವಿಗೆ 'ಐ ಫಾರ್ ಇಗ್ಲೂ' ಬರೆಸುವುದರಿಂದ ಯಾವ ಮಾತು ಹುಟ್ಟುತ್ತದೆ? ಹತ್ತಿಯ ಬಗ್ಗೆ ಕೇಳಿದರೆ ಅದೇ ಮಗು ಹತ್ತು ವಾಕ್ಯ ಹೇಳಬಹುದು. ಅರ್ಧ ದಖನಿ, ಅರ್ಧ ಕನ್ನಡ. ಇರಲಿ.

ಸರ್ಕಾರಗಳಿಗೆ ಇದು ಗೊತ್ತಿಲ್ಲ ಎಂದಲ್ಲ. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವೆಂದು ಕರೆದು ಮನೆಮಾತಿಗೆ ಜಾಗ ಕೊಟ್ಟಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪ್ರಕರಣದಲ್ಲೇ, ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ, ಮಾಧ್ಯಮ ಪೋಷಕರ ಆಯ್ಕೆ ಎಂದಿದೆ. ಆದರೆ 2024ರ ಸೆಪ್ಟೆಂಬರಿನಲ್ಲಿ ಮೂಡಿಗೆರೆಯ ಅಂಗನವಾಡಿ ನೇಮಕದಲ್ಲಿ ಉರ್ದು ತಿಳಿದಿರಬೇಕು ಎಂಬ ಮಾತು ಬಂದಾಗ ಅದು ಕನ್ನಡ-ಉರ್ದು ಜಗಳವಾಗಿಹೋಯ್ತು. ಅಳುವ ಮೂರು ವರ್ಷದ ಮಗುವಿಗೆ 'ಪಾನಿ' ಅಂದರೆ ನೀರು ಅಂತ ಗೊತ್ತಿರುವವರು ಒಬ್ಬರು ಹತ್ತಿರ ಇರಬೇಕು ಎಂಬಷ್ಟು ಸಣ್ಣ ವಿಷಯ ಅದು. ಆ ಮಗು ಕನ್ನಡ ಬೇಗ ಕಲಿಯುವುದೂ ಅದೇ ದಾರಿಯಲ್ಲಿ.

ಹಾಗೆಂದು ಮನೆಮಾತೊಂದೇ ಸಾಕು ಎಂದು ಕೂರುವಂತಿಲ್ಲ. ಕನ್ನಡ ಕೇಳದೆ ಒಂದನೇ ತರಗತಿಗೆ ಹೋದ ಮಗುವಿನ ಪಾಡು ಕಷ್ಟವೇ. ಅದಕ್ಕೇ ಅಂಗನವಾಡಿ ತಪ್ಪಿಸಬಾರದು, ಓಣಿಯ ಕನ್ನಡ ಮಕ್ಕಳ ಜೊತೆ ಆಟ ತಪ್ಪಿಸಬಾರದು. ಮನೆಯಲ್ಲಿ ಬ್ಯಾರಿ, ಅಂಗಳದಲ್ಲಿ ಕನ್ನಡ ಎರಡೂ ಒಟ್ಟಿಗೆ ನಡೆಯಲಿ. ಎಲ್‌ಕೆಜಿಗೆ ಸೇರಿಸುವವರು ಯೂನಿಫಾರ್ಮ್ ನೋಡುವ ಮೊದಲು ಒಂದು ಪ್ರಶ್ನೆ ಕೇಳಿ: ಇಡೀ ದಿನದಲ್ಲಿ ಮಕ್ಕಳು ಎಷ್ಟು ಹೊತ್ತು ಮಾತಾಡ್ತಾರೆ?

ಇನ್ನೊಂದು ಮಾತು. 'ಎರಡು ಭಾಷೆ ಆಯ್ತು, ಅದಕ್ಕೇ ಮಗು ಮಾತಾಡ್ತಿಲ್ಲ' ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಎರಡು ಭಾಷೆಯಿಂದ ಮಾತಿನ ತೊಂದರೆ ಬರುವುದಿಲ್ಲ. ಎರಡು ವರ್ಷ ತುಂಬಿದರೂ ಯಾವ ಭಾಷೆಯಲ್ಲೂ ಎರಡು ಶಬ್ದ ಸೇರಿಸಿ ಹೇಳದ ಮಗುವನ್ನು ಡಾಕ್ಟರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೇ ಇದೆ. ಅಷ್ಟು ದೂರ ಹೋಗುವ ಮೊದಲೇ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರರ ತಂಡ ಅಂಗನವಾಡಿಗಳಿಗೇ ಬಂದು ಮಕ್ಕಳನ್ನು ಉಚಿತವಾಗಿ ನೋಡುತ್ತದೆ. ಅವರು ಬರುವ ದಿನ ಯಾವುದೆಂದು ನಿಮ್ಮ ಅಂಗನವಾಡಿಯಲ್ಲಿ ಕೇಳಿಟ್ಟುಕೊಳ್ಳಿ.